ನಿಲ್ಲಿಸುವ ಮುನ್ನ: ಆಪರೇಷನ್, ಕಾಪರ್ ಟಿ ಆರಿಸಿಕೊಳ್ಳುವ ಕಾಸರಗೋಡಿನವರಿಗೆ

ನನಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನ ಪ್ರಾಯದವರಲ್ಲಿ ಇಂಥವರು ಮನೆಗೊಬ್ಬರಾದರೂ ಸಿಗುತ್ತಾರೆ. ಬಸ್ಸಿನ ಬೋರ್ಡನ್ನು ಅಕ್ಷರದ ಆಕಾರ ನೋಡಿಯೇ ಗುರುತಿಸುತ್ತೇವೆ. ಎರಡನೆಯ ಮಗುವಿನ ಸಿಸೇರಿಯನ್‌ಗೆ ನನ್ನನ್ನು ಒಳಗೆ ಕರೆದೊಯ್ಯುವ ಮುನ್ನ ನರ್ಸ್ ಒಬ್ಬರು ಕಾಗದ ಹಿಡಿದು ಬಂದು "ನಿರ್ತ್ತುನ್ನುಂಡೋ?" ಎಂದು ಕೇಳಿದರು. ನಿಲ್ಲಿಸುತ್ತೀರಾ? ಏನನ್ನು ಎಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೆರಿಗೆ ನಿಲ್ಲಿಸುವ ಆಪರೇಷನ್ನಿಗೆ ಇಲ್ಲಿ ಎಲ್ಲರೂ ಬಳಸುವ ಮಾತು ಅದು. ಕ್ಲಿಪ್‌ಬೋರ್ಡಿಗೆ ದಾರ ಕಟ್ಟಿದ ಪೆನ್ನಿತ್ತು, ದಾರ ಗಿಡ್ಡವಾದ್ದರಿಂದ ಬೋರ್ಡನ್ನೇ ಓರೆ ಮಾಡಿ ಕನ್ನಡದಲ್ಲಿ ಸಹಿ ಹಾಕಿದೆ. ಕಾಗದದ ತಲೆಯ ಮೇಲಿದ್ದ ಪದ "ವಂಧ್ಯಂಕರಣಂ" ಎಂದು ತಿಳಿದದ್ದು ತಿಂಗಳುಗಳ ಅನಂತರ, ಮಗಳ ಟೀಚರ್ ಒಬ್ಬರು ಓದಿ ಹೇಳಿದಾಗ. ಬಂಜೆ ಎಂಬ ಮಾತು ನಮ್ಮ ಕಡೆ ಬೈಗುಳ. ಅದೇ ಬೇರಿನ ಪದದ ಕೆಳಗೆ ನನ್ನ ಸಹಿ.

ಆಪರೇಷನ್ ಆದದ್ದಕ್ಕೆ ನನಗೆ ಬೇಸರವಿಲ್ಲ. ಏಳೆಂಟು ತಿಂಗಳು ಯೋಚಿಸಬಹುದಾಗಿದ್ದ ವಿಷಯವನ್ನು ಸ್ಟ್ರೆಚರಿನ ಪಕ್ಕದಲ್ಲಿ ಮುಗಿಸಿದೆವಲ್ಲ ಎಂಬ ಕಸಿವಿಸಿ ಮಾತ್ರ ಹೋಗಿಲ್ಲ. ಆಮೇಲೆ ನಾದಿನಿ, ನೆರೆಮನೆಯವರು, ತಂಗಿ ಎಂದು ಹಲವರ ಜೊತೆ ಆಸ್ಪತ್ರೆಗೆ ಹೋಗಿ ಕೂತಿದ್ದೇನೆ. ಅವರಿಗೆ ಹೇಳಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಏಳನೆಯ ತಿಂಗಳಲ್ಲೇ ಮಾತೆತ್ತಿ

ಸೀಮಂತದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೇ ಒಂದು ಮಧ್ಯಾಹ್ನ ಕೂತು ಮಾತಾಡಿ. ತವರಿಗೆ ಹೋದ ಮೇಲೆ ಈ ಮಾತು ಫೋನಿನಲ್ಲಿ ಆಗುವುದಿಲ್ಲ, ಆಡಲು ಹೊರಟರೂ ಅತ್ತೆಯೋ ಅಮ್ಮನೋ ಪಕ್ಕದಲ್ಲೇ ಇರುತ್ತಾರೆ.

ಇಷ್ಟು ಮೊದಲೇ ಏಕೆಂದರೆ, ಕೆಲವು ವಿಧಾನಗಳಿಗೆ ಹೆರಿಗೆಯ ಜೊತೆಗೆ ಕಟ್ಟಿಕೊಂಡ ಗಡುವುಗಳಿವೆ. ಗರ್ಭಕೋಶದೊಳಗೆ ಇಡುವ ತಾಮ್ರದ ಪುಟ್ಟ ಸಾಧನವಾದ ಕಾಪರ್ ಟಿಯನ್ನು ಮಾಸು ಬಿದ್ದ ಹತ್ತು ನಿಮಿಷದೊಳಗೆ, ಸಿಸೇರಿಯನ್ ನಡುವೆ ಅಥವಾ ಹೆರಿಗೆಯಾಗಿ 48 ಗಂಟೆಗಳೊಳಗೆ ಹಾಕಬಹುದು. ಅದು ತಪ್ಪಿದರೆ ಆರು ವಾರ ಕಾಯಬೇಕು. ಸಹಜ ಹೆರಿಗೆಯ ಅನಂತರ ಹೊಟ್ಟೆಯಲ್ಲಿ ಸಣ್ಣ ಗಾಯ ಮಾಡಿ ನಡೆಸುವ ಆಪರೇಷನ್ನಿಗೆ ಏಳು ದಿನಗಳ ಅವಕಾಶ, ಆಮೇಲೆ ಅದಕ್ಕೂ ಆರು ವಾರ. ದುರ್ಬೀನು ಹಾಕಿ ಮಾಡುವ ಲ್ಯಾಪರೊಸ್ಕೋಪಿಯನ್ನು ಹಸಿ ಬಾಣಂತಿಗೆ ಮಾಡುವುದಿಲ್ಲ, ಗರ್ಭಕೋಶ ಮೊದಲಿನ ಗಾತ್ರಕ್ಕೆ ಇಳಿದಿರಬೇಕು. ಇಷ್ಟೆಲ್ಲ ನೋವು ಬಂದ ಮೇಲೆ ಯಾರ ತಲೆಗೆ ಹೋಗುತ್ತದೆ? ತಪಾಸಣೆಗೆ ಹೋದಾಗಲೇ ನಿಮ್ಮ ಆಯ್ಕೆಯನ್ನು ತಾಯಿ ಮಗುವಿನ ಕಾರ್ಡಿನಲ್ಲಿ ಬರೆಸಿ. ಮಂಗಳೂರಿನಲ್ಲಿ ಹೆರಿಗೆ ಮಾಡಿಸುವವರು ಗಡಿಯ ತಲಪಾಡಿ ದಾಟುವಾಗ ಆ ಕಾರ್ಡನ್ನು ಮರೆಯದೆ ಒಯ್ಯಿರಿ. ಅಲ್ಲಿನ ವೈದ್ಯರಿಗೂ ಇಲ್ಲಿನ ಆರೋಗ್ಯ ಕಾರ್ಯಕರ್ತೆಗೂ ನಡುವೆ ಇರುವ ಸೇತುವೆ ಅದೊಂದೇ.

ಎರಡನೆಯದು: ಖಂಡಿತ ಬೇಡವೇ, ಸದ್ಯಕ್ಕೆ ಬೇಡವೇ?

ವಿಧಾನದ ಹೆಸರಿಗೆ ಹೋಗುವ ಮುಂಚೆ ಈ ಒಂದು ಪ್ರಶ್ನೆಗೆ ಇಬ್ಬರೂ ಬೇರೆಬೇರೆಯಾಗಿ ಉತ್ತರ ಹೇಳಬೇಕು. ಒಬ್ಬರ ಉತ್ತರದಲ್ಲಿ "ನೋಡುವ" ಎಂಬ ಪದ ಬಂದರೂ ಶಾಶ್ವತ ಆಪರೇಷನ್ನನ್ನು ಆ ದಿನ ಪಟ್ಟಿಯಿಂದ ತೆಗೆದುಬಿಡಿ. ಮುಚ್ಚಿದ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ಆದರೆ ಅದಕ್ಕೆ ಖರ್ಚು ಹೆಚ್ಚು, ಗರ್ಭ ನಿಲ್ಲುವ ಖಾತ್ರಿಯೂ ಇಲ್ಲ. ಆಪರೇಷನ್ ಮಾಡಿಸಿಕೊಂಡವರನ್ನು 14 ವರ್ಷಗಳವರೆಗೆ ಗಮನಿಸಿದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, 30 ವರ್ಷ ಅಥವಾ ಅದಕ್ಕೂ ಮೊದಲೇ ಮಾಡಿಸಿಕೊಂಡವರಲ್ಲಿ ಸುಮಾರು ಶೇಕಡ 20ರಷ್ಟು ಮಂದಿ ಆಮೇಲೆ ವಿಷಾದ ಪಟ್ಟಿದ್ದರು. ಮೂವತ್ತು ದಾಟಿ ಮಾಡಿಸಿಕೊಂಡವರಲ್ಲಿ ಇದು ಶೇಕಡ 6. ನಮ್ಮಲ್ಲಿ 25-26ಕ್ಕೇ ಎರಡು ಮಕ್ಕಳಾಗಿ "ಇದರೊಟ್ಟಿಗೇ ಮುಗಿಸಿಬಿಡು" ಎನ್ನುವವರಿಗೆ ನಾನು ಈ ಎರಡು ಸಂಖ್ಯೆಗಳನ್ನು ಹೇಳುತ್ತೇನೆ.

"ಆಪರೇಷನ್ ಒಂದೇ ಗಟ್ಟಿ, ಉಳಿದದ್ದೆಲ್ಲ ಸೋರುತ್ತದೆ" ಎಂಬ ನಂಬಿಕೆಯನ್ನೂ ಇಲ್ಲೇ ಬಿಡಬೇಕು. ಸಾವಿರ ಮಂದಿ ಒಂದು ವರ್ಷ ಬಳಸಿದರೆ ಗರ್ಭ ನಿಲ್ಲುವವರ ಲೆಕ್ಕ ಹೀಗಿದೆ: ಹೆಣ್ಣಿನ ಆಪರೇಷನ್‌ನಲ್ಲಿ ಸುಮಾರು 5, ಕಾಪರ್ ಟಿಯಲ್ಲಿ 6ರಿಂದ 8, ಹಾರ್ಮೋನ್ ಇರುವ ಟಿಯಲ್ಲಿ ಸುಮಾರು 2, ತೋಳಿನ ಚರ್ಮದ ಕೆಳಗೆ ಇಡುವ ಕಡ್ಡಿಯಲ್ಲಿ 1ರ ಆಸುಪಾಸು, ಗಂಡಿನ ಆಪರೇಷನ್‌ನಲ್ಲಿ 1ರಿಂದ 2. ದಿನವೂ ನುಂಗುವ ಮಾತ್ರೆಯಲ್ಲಿ, ಮರೆಯುವವರನ್ನೂ ಸೇರಿಸಿದರೆ, ಸುಮಾರು 70. ಹಾಗಾದರೆ ತೆಗೆಯಬಹುದಾದ ಟಿಗೂ ತೆಗೆಯಲಾಗದ ಆಪರೇಷನ್ನಿಗೂ ಭದ್ರತೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಮೂರನೆಯದು: ತೆಗೆಯಬಹುದಾದವುಗಳನ್ನು ಕೈಯಲ್ಲಿ ಹಿಡಿದು ನೋಡಿ

ಅಕ್ಷರಶಃ ಕೈಯಲ್ಲಿ. ಆಸ್ಪತ್ರೆಯ ಕುಟುಂಬ ಕಲ್ಯಾಣ ವಿಭಾಗದಲ್ಲಿ ತೋರಿಸಲೆಂದೇ ಒಂದು ಕಾಪರ್ ಟಿ ಇಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ. ಒಂದೂವರೆ ಇಂಚಿಗಿಂತ ಗಿಡ್ಡ, ಬಿಳಿ ಪ್ಲಾಸ್ಟಿಕ್, ಕಾಂಡಕ್ಕೆ ಕೂದಲಿನಂಥ ತಾಮ್ರದ ತಂತಿ ಸುತ್ತಿದೆ, ಬುಡದಲ್ಲಿ ಎರಡೆಳೆ ನೂಲು. ನನ್ನ ನಾದಿನಿ ಅದನ್ನು ಬೆರಳುಗಳ ನಡುವೆ ಬಗ್ಗಿಸಿ ನೋಡಿ, "ಇಷ್ಟೇಯಾ? ನಾನು ಕೊಕ್ಕೆಯ ಹಾಗೆ ಇರುತ್ತದೆ ಎಂದುಕೊಂಡಿದ್ದೆ" ಎಂದಳು. ಹಿಂದಿನವರು ವಂಕಿ ಎಂದು ಕರೆಯುತ್ತಿದ್ದುದರಿಂದ ಬಂದ ಹೆದರಿಕೆ ಅದು.

ಅಡಿಕೆ ತೋಟದವರಿಗೆ ತಾಮ್ರದ ಗುಣ ಹೇಳಿಕೊಡಬೇಕಿಲ್ಲ. ಮೈಲುತುತ್ತು, ಸುಣ್ಣ ಕಲಸಿ ಕೊಳೆರೋಗಕ್ಕೆ ಮದ್ದು ಬಿಡುತ್ತೇವಲ್ಲ, ಅಲ್ಲಿ ಶಿಲೀಂಧ್ರದ ಬೀಜಾಣು ಮೊಳೆಯದಂತೆ ತಡೆಯುವುದು ತಾಮ್ರವೇ. ಇಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬಿಡುಗಡೆಯಾಗುವ ತಾಮ್ರ ವೀರ್ಯಾಣುವಿನ ಚಲನೆಯನ್ನು ಕೆಡಿಸಿ, ಅಂಡಾಣುವಿನವರೆಗೆ ತಲುಪದಂತೆ ಮಾಡುತ್ತದೆ. ಕಾಪರ್ ಟಿ 380ಎ ಎಂಬ ಹೆಸರಿನ 380, ತಾಮ್ರದ ಮೇಲ್ಮೈಯ ಚದರ ಮಿಲಿಮೀಟರ್ ಲೆಕ್ಕ. ಅದರ ಬಾಳಿಕೆ 10 ವರ್ಷ. ಸರ್ಕಾರಿ ಆಸ್ಪತ್ರೆಗಳಲ್ಲೇ ಸಿಗುವ ಇನ್ನೊಂದು, 375, ಐದು ವರ್ಷದ್ದು. ಎರಡೂ ಉಚಿತ. ಹಾಕಿಸುವಾಗ "ಯಾವುದು?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಐದರದ್ದನ್ನು ಹತ್ತು ಎಂದು ನಂಬಿ ಕೂತವರನ್ನು ನಾನು ಕಂಡಿದ್ದೇನೆ.

ತೊಂದರೆಯನ್ನೂ ಹೇಳಬೇಕು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಹೆಚ್ಚಾಗಬಹುದು, ಹೊಟ್ಟೆ ಹಿಡಿದುಕೊಳ್ಳಬಹುದು. ಮೊದಲಿನಿಂದಲೂ ಅತಿಸ್ರಾವ, ರಕ್ತಹೀನತೆ ಇರುವವರು, ಗರ್ಭಕೋಶದ ಆಕಾರ ಕೆಡಿಸುವ ಗಡ್ಡೆ ಇರುವವರು, ಆ ಭಾಗದಲ್ಲಿ ಸೋಂಕು ಇರುವವರು ಇದಕ್ಕೆ ಹೋಗುವ ಮೊದಲು ವೈದ್ಯರಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಹೆರಿಗೆಯ ಬೆನ್ನಲ್ಲೇ ಹಾಕಿದ ಟಿ ಜಾರಿ ಬೀಳುವ ಸಾಧ್ಯತೆ ಆರು ವಾರದ ಅನಂತರ ಹಾಕಿದ್ದಕ್ಕಿಂತ ಹೆಚ್ಚು. ಆದ್ದರಿಂದ ಆರನೆಯ ವಾರದ ತಪಾಸಣೆ ತಪ್ಪಿಸಬಾರದು. ತೆಗೆಸಿದರೆ ಗರ್ಭ ಧರಿಸುವ ಶಕ್ತಿ ತಕ್ಷಣ ಮರಳುತ್ತದೆ. ಹೊಟ್ಟೆಯೊಳಗೆ ಏರಿ ಎದೆಗೆ ಹೋಗುತ್ತದೆ ಎಂಬುದು ಸುಳ್ಳು. ಹಾಕುವಾಗ ಗರ್ಭಕೋಶದ ಗೋಡೆ ತೂತಾಗುವುದು ಉಂಟು, ಆದರೆ ಅದು ಬಹಳ ಅಪರೂಪ.

ಮುಟ್ಟಿನ ಅತಿಸ್ರಾವವೇ ಸಮಸ್ಯೆಯಾಗಿರುವವರಿಗೆ ಹಾರ್ಮೋನ್ ಇರುವ ಟಿ ಒಳ್ಳೆಯದು. ಸ್ರಾವ ತಗ್ಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಕನಿಷ್ಠ ಐದು ವರ್ಷ ಬಾಳುತ್ತದೆ, ಆದರೆ ಸಾಮಾನ್ಯವಾಗಿ ಖಾಸಗಿಯಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕು. ತೋಳಿನ ಚರ್ಮದ ಕೆಳಗೆ ಇಡುವ ಬೆಂಕಿಕಡ್ಡಿ ಗಾತ್ರದ ಇಂಪ್ಲಾಂಟ್ ಮೂರು ವರ್ಷದ್ದು. ಸರ್ಕಾರ ಅದನ್ನು ಆಯ್ದ ಜಿಲ್ಲೆಗಳಲ್ಲಷ್ಟೇ ಆರಂಭಿಸಿದೆ, ಸಿಗುತ್ತದೆಯೇ ಎಂದು ಕೇಳಿ ನೋಡಬೇಕು. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಅಂತರಾ 2017ರಿಂದ ಸರ್ಕಾರಿ ಯೋಜನೆಯಲ್ಲಿದೆ, ಮೊಲೆಯೂಡಿಸುವವರು ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಪಡೆಯಬಹುದು. ಅದರಲ್ಲಿ ಮುಟ್ಟು ಏರುಪೇರಾಗುತ್ತದೆ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ 7ರಿಂದ 10 ತಿಂಗಳು ಬೇಕಾಗಬಹುದು. ವರ್ಷದೊಳಗೆ ಇನ್ನೊಂದು ಮಗು ಬೇಕೆನ್ನುವವರಿಗೆ ಅದು ಸರಿಯಲ್ಲ. ಇವುಗಳಲ್ಲಿ ಯಾವುದೂ, ಆಪರೇಷನ್ ಕೂಡ, ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ. ಆ ಕೆಲಸ ಕಾಂಡೋಮಿನದು.

ನಾಲ್ಕನೆಯದು: ಆಪರೇಷನ್ ಎಂದೇ ಆದರೆ, ಯಾರಿಗೆ?

ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಕೇಳುವುದೇ ಇಲ್ಲ. ಕೇಳಿದರೆ ಗಂಡ ನಗುತ್ತಾನೆ, ಅತ್ತೆ ನಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹೆಣ್ಣಿನ ಆಪರೇಷನ್ನನ್ನು ಅವಲಂಬಿಸಿದ ದಂಪತಿಗಳು ಶೇಕಡ 37.9, ಗಂಡಿನದನ್ನು ಅವಲಂಬಿಸಿದವರು ಶೇಕಡ 0.3. ಸದಾ ಹೀಗಿರಲಿಲ್ಲ ಎಂಬುದು ಇಂದು ಯಾರಿಗೂ ನೆನಪಿಲ್ಲ. ಇದೇ ಕೇರಳದ ಎರ್ನಾಕುಳಂನಲ್ಲಿ 1971ರ ಜುಲೈ ತಿಂಗಳಲ್ಲಿ ನಡೆದ ಒಂದೇ ಶಿಬಿರದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಗಂಡಸರು ಆಪರೇಷನ್ ಮಾಡಿಸಿಕೊಂಡಿದ್ದರು. ಆಮೇಲೆ ತುರ್ತುಪರಿಸ್ಥಿತಿ ಬಂತು, ಉತ್ತರದಲ್ಲಿ ಬಲವಂತ ನಡೆಯಿತು, ಗಂಡಸರ ಆಪರೇಷನ್ನಿಗೆ ಅಂಟಿದ ಹೆದರಿಕೆ ಇಂದಿಗೂ ಬಿಟ್ಟಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಣ್ಣಿಗೆ ಹೊಟ್ಟೆ ತೆರೆಯಬೇಕು, ಅರಿವಳಿಕೆ ಬೇಕು, ಒಳಗಿನ ಅಂಗಗಳ ಪಕ್ಕದಲ್ಲಿ ಕೆಲಸ. ಗಂಡಿಗೆ ವೃಷಣ ಚೀಲದ ಚರ್ಮದಲ್ಲಿ ಮರಗಟ್ಟಿಸುವ ಒಂದು ಚುಚ್ಚುಮದ್ದು, ಒಂದು ಸಣ್ಣ ತೂತು, ಹೊಲಿಗೆಯಿಲ್ಲ, ಹತ್ತಿಪ್ಪತ್ತು ನಿಮಿಷ, ಸಂಜೆಗೆ ಮನೆ. ವೀರ್ಯಾಣು ಸಾಗುವ ನಾಳವನ್ನಷ್ಟೇ ಕತ್ತರಿಸಿ ಕಟ್ಟುವುದು. ಗಂಡಸು ಹಾರ್ಮೋನ್ ರಕ್ತಕ್ಕೆ ಸೇರುವ ದಾರಿಯೇ ಬೇರೆ, ಅದನ್ನು ಯಾರೂ ಮುಟ್ಟುವುದಿಲ್ಲ. ಆಸೆ, ಶಕ್ತಿ, ಸ್ಖಲನ ಎಲ್ಲ ಮೊದಲಿನಂತೆಯೇ ಇರುತ್ತವೆ. "ಮರ ಹತ್ತಲು ಆಗುವುದಿಲ್ಲವಂತೆ" ಎಂದು ಅಡಿಕೆ ಕೊಯ್ಯುವವರೊಬ್ಬರು ನನ್ನಲ್ಲಿ ಹೇಳಿದ್ದರು. ಆಗುತ್ತದೆ, ಒಂದು ವಾರ ಬಿಟ್ಟು. ನಮ್ಮ ನೆರೆಯವರೊಬ್ಬರು ಗುರುವಾರ ಮಾಡಿಸಿಕೊಂಡು ಸೋಮವಾರ ತಳೆ ಹಾಕಿ ಮರ ಏರಿದರು. ಬಾತುಕೊಂಡು ಎಂಟು ದಿನ ಮಲಗಿದರು. ಊರೆಲ್ಲ ಆಪರೇಷನ್ನನ್ನು ಬೈದಿತು, ಮರವನ್ನು ಯಾರೂ ಬೈಯಲಿಲ್ಲ. 48 ಗಂಟೆ ವಿಶ್ರಾಂತಿ, ಬಿಗಿಯಾದ ಒಳಉಡುಪು, ಒಂದು ವಾರ ಭಾರ ಎತ್ತುವುದು, ಸೈಕಲ್ ಮತ್ತು ಮರ ಬೇಡ. ಮದ್ದು ಬಿಡುವ ಕಾಲವನ್ನೂ ಕೊಯ್ಲಿನ ಕಾಲವನ್ನೂ ತಪ್ಪಿಸಿ ದಿನ ಗೊತ್ತು ಮಾಡಿ.

ಗಂಡಿನ ಆಪರೇಷನ್‌ನಲ್ಲಿ ಎಡವುವುದು ಒಂದೇ ಕಡೆ. ಅದು ಅಂದೇ ಫಲ ಕೊಡುವುದಿಲ್ಲ, ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್, ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ, ಅದರಲ್ಲಿ ವೀರ್ಯಾಣು ಇಲ್ಲ ಎಂದು ಬಂದ ಮೇಲೆಯೇ ನಿಶ್ಚಿಂತೆ. ಈ ಪರೀಕ್ಷೆಗೆ ಹೋಗಲು ನಾಚಿ, ಆಮೇಲೆ ಗರ್ಭ ನಿಂತಾಗ ಹೆಂಡತಿಯನ್ನು ಅನುಮಾನಿಸುವ ಗಂಡಸರಿದ್ದಾರೆ.

ಹೆಣ್ಣಿನದ್ದೇ ಎಂದು ತೀರ್ಮಾನವಾದರೆ: ಅಂಡನಾಳವನ್ನಷ್ಟೇ ಮುಚ್ಚುತ್ತಾರೆ, ಗರ್ಭಕೋಶ ತೆಗೆಯುವುದಿಲ್ಲ, ಮುಟ್ಟು ಮುಂದುವರಿಯುತ್ತದೆ. ಆರು ಗಂಟೆ ಮೊದಲಿನಿಂದ ಹೊಟ್ಟೆ ಖಾಲಿ ಇರಬೇಕು. ರಕ್ತ, ಮೂತ್ರ, ರಕ್ತದೊತ್ತಡ ನೋಡದೆ ಒಳಗೆ ಕರೆದರೆ ಏಕೆಂದು ಕೇಳಿ. ಬಾಣಂತನವಲ್ಲದ ಹೊತ್ತಿನಲ್ಲಿ ಮಾಡಿಸುವುದಾದರೆ ಮುಟ್ಟು ಶುರುವಾದ ಏಳು ದಿನಗಳೊಳಗೆ ಹೋಗುವುದು ಒಳ್ಳೆಯದು, ಗರ್ಭವಿಲ್ಲ ಎಂಬುದು ಖಚಿತವಿರುತ್ತದೆ. ಸಿಸೇರಿಯನ್ ಹೇಗೂ ಆಗುವುದಾದರೆ ಅದರೊಟ್ಟಿಗೆ ಮಾಡಿಸುವುದರಲ್ಲಿ ಅರ್ಥವಿದೆ, ಇನ್ನೊಂದು ಗಾಯ ತಪ್ಪುತ್ತದೆ. ಆದರೆ ಅದನ್ನು ಏಳನೆಯ ತಿಂಗಳಲ್ಲಿ ನಿರ್ಧರಿಸಿರಬೇಕು.

ಐದನೆಯದು: ಕಾಗದ, ಸಹಿ, ಭಾಷೆ

ಸರ್ಕಾರಿ ನಿಯಮದಂತೆ ಮದುವೆಯಾಗಿದ್ದು, ಹೆಂಗಸರಿಗೆ 22ರಿಂದ 49, ಗಂಡಸರಿಗೆ 22ರಿಂದ 60ರೊಳಗಿನ ಪ್ರಾಯವಾಗಿದ್ದು, ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ವೈದ್ಯಕೀಯ ಕಾರಣವಿದ್ದರೆ ಮಗುವಿನ ಷರತ್ತು ಸಡಿಲವಾಗುತ್ತದೆ. ಗಂಡನ ಅಥವಾ ಹೆಂಡತಿಯ ಸಮ್ಮತಿ ಬೇಕಿಲ್ಲ ಎಂದು ಅದೇ ನಿಯಮ ಹೇಳುತ್ತದೆ. "ಗಂಡನನ್ನು ಕರೆದುಕೊಂಡು ಬಾ" ಎನ್ನುವುದು ರೂಢಿ, ಕಾನೂನಲ್ಲ.

2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ 2016ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಲು ಹೇಳಿತು. ನಮಗೆ ಬೇಕಾದ ಎರಡು ಮಾತುಗಳು ಆ ತೀರ್ಪಿನಲ್ಲಿವೆ. ಆಪರೇಷನ್ನಿನ ವಿವರವನ್ನೂ ಪರಿಣಾಮವನ್ನೂ ಮಾಡಿಸಿಕೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಮನಸ್ಸು ಬದಲಾದರೆ ಹಿಂದೆ ಸರಿಯಲು ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು. ಅದಕ್ಕೂ ಎಷ್ಟೋ ಮೊದಲೇ, ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನು ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಈ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಎರಡನ್ನೂ ಜೋಡಿಸಿ ಕೇಳಿ. ಜಗಳ ಬೇಡ, "ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ಮಾಡುತ್ತೇನೆ" ಎಂದರೆ ಸಾಕು. ಕಾಸರಗೋಡು, ಮಂಜೇಶ್ವರ ಕಡೆಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಒಬ್ಬರಾದರೂ ಸಿಗುತ್ತಾರೆ, ಕೆಲವೊಮ್ಮೆ ಫಾರ್ಮಸಿಯ ಕಿಟಕಿಯಿಂದ ಕರೆಸಬೇಕಾಗುತ್ತದೆ, ಅಷ್ಟೆ.

ಘಟ್ಟದ ಮೇಲಿನಿಂದ ಮದುವೆಯಾಗಿ ಬಂದು ಮಲಯಾಳಂ ಬಾರದವರು ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿರಿ. "ಇದ್ ಸ್ಥಿರಮಾಯಿಟ್ಟುಳ್ಳದಾಣೋ?" ಎಂದರೆ ಇದು ಶಾಶ್ವತವೇ. "ಎಡುತ್ತು ಮಾಟ್ಟಾನ್ ಪಟ್ಟುಮೋ?" ಎಂದರೆ ತೆಗೆಯಬಹುದೇ. "ಕನ್ನಡತ್ತಿಲ್ ಪರಯಾಮೋ?" ಕೊನೆಯದರ ಅರ್ಥ ಹೇಳಬೇಕಿಲ್ಲ.

ಆಮೇಲೆ

ಹೆಣ್ಣಿನ ಆಪರೇಷನ್ ಆದ ಮೇಲೆ ಜ್ವರ, ಗಾಯದಲ್ಲಿ ಕೀವು, ಹೊಟ್ಟೆ ಉಬ್ಬರ, ಹೆಚ್ಚುತ್ತಲೇ ಹೋಗುವ ನೋವು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಕಷಾಯ ಕುಡಿಸುತ್ತಾ ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಕಾಪರ್ ಟಿಯವರು ನೂಲು ಕೈಗೆ ಸಿಗದಿದ್ದರೆ ಅಥವಾ ಮೊದಲಿಗಿಂತ ಉದ್ದವಾಗಿ ಸಿಕ್ಕರೆ, ಜ್ವರದೊಡನೆ ದುರ್ವಾಸನೆಯ ಸ್ರಾವವಿದ್ದರೆ ತೋರಿಸಬೇಕು. ಯಾವುದೇ ವಿಧಾನವಿದ್ದರೂ ಮುಟ್ಟು ತಪ್ಪಿದರೆ ಪರೀಕ್ಷೆ ಮಾಡಿಸಿ. ಆಪರೇಷನ್ನಾಗಿ ವರ್ಷಗಳು ಕಳೆದ ಮೇಲೂ, ಮುಟ್ಟು ತಪ್ಪಿ ಕಿಬ್ಬೊಟ್ಟೆಯ ಒಂದು ಬದಿ ನೋಯತೊಡಗಿದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಅದು ಪ್ರಾಣಕ್ಕೆ ಅಪಾಯ, ರಾತ್ರಿಯಾದರೂ ಹೊರಡಬೇಕು.

ವಿಧಾನ ವಿಫಲವಾಗಿ ಗರ್ಭ ನಿಂತರೆ, ಬೇಡವೆನ್ನುವವರಿಗೆ 20 ವಾರಗಳವರೆಗೆ ಕಾನೂನುಬದ್ಧ ಗರ್ಭಪಾತದ ಅವಕಾಶವಿದೆ. 2021ರ ತಿದ್ದುಪಡಿ ಈ ಅವಕಾಶವನ್ನು ಮದುವೆಯಾದವರಿಗೆ ಮಾತ್ರ ಎಂದು ಉಳಿಸಿಲ್ಲ. ಆಪರೇಷನ್ ವಿಫಲವಾದರೆ ಸರ್ಕಾರದ ಪರಿಹಾರವೂ ಇದೆ, ಆದರೆ ಅದಕ್ಕೆ ಆಪರೇಷನ್ನಿನ ಪ್ರಮಾಣಪತ್ರ ಬೇಕು, ತಡಮಾಡದೆ ಅರ್ಜಿ ಹಾಕಬೇಕು. ಪ್ರಮಾಣಪತ್ರ ಅಂದೇ ಕೈಗೆ ಬರುವುದಿಲ್ಲ. ಹೆಂಗಸರಿಗೆ ಒಂದು ತಿಂಗಳ ಮರುತಪಾಸಣೆಯಲ್ಲಿ, ಗಂಡಸರಿಗೆ ವೀರ್ಯ ಪರೀಕ್ಷೆಯ ಅನಂತರ ಕೊಡುತ್ತಾರೆ. ಮಂಗಳೂರಿನಲ್ಲಿ ಮಾಡಿಸಿದವರು ಅಲ್ಲಿಂದಲೇ ಪಡೆಯಬೇಕಾದ್ದರಿಂದ ಇನ್ನೊಂದು ಬಸ್ ಪ್ರಯಾಣವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ನಾದಿನಿ ಕೊನೆಗೆ ಕಾಪರ್ ಟಿಯನ್ನೇ ಆರಿಸಿದಳು. ಆಸ್ಪತ್ರೆಯವರು ಕೊಟ್ಟ ಕಾರ್ಡನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದಾಳೆ, ಹಾಕಿದ ತಾರೀಕು ಒಂದು ಬದಿ, ತೆಗೆಸಬೇಕಾದ ವರ್ಷ ಇನ್ನೊಂದು ಬದಿ, ಎರಡನ್ನೂ ತಾನೇ ಕನ್ನಡದಲ್ಲಿ ಬರೆದುಕೊಂಡು.